ಆಪೇನಿಸ ತಾತನ ಪದಕ

ವಾರ್ಡಿನ ಆಳು ವಿಲಿಕೇಸನ ಕೊರಳಿಗೆ ಆಸ್ಪತ್ರೆಯವರು ಕಟ್ಟಿದ್ದ ಯಂತ್ರ ಬೆಂಕಿಪೊಟ್ಟಣದಷ್ಟೇ ಇತ್ತು. ಬಾಯಿ ಮಾತ್ರ ಊರಗಲ. "ಮೂರನೇ ವಾರ್ಡಿಗೆ ನೀರು! ಎರಡನೆಯದರಲ್ಲಿ ಹಾಸಿಗೆ ಬದಲಿಸಿ!" ಇಲ್ಲಿನ ಮೂವರು ಆಳುಗಳ ಕೆಲಸ ಹಗುರಾಗಲೆಂದು ರಾಜಧಾನಿ ಸುವಾದಿಂದ ಕಳಿಸಿದ್ದರಂತೆ. ಹಗುರಾದದ್ದು ವಿಲಿಕೇಸನ ಮೈತೂಕ ಮಾತ್ರ. ಒಂದು ಕೆಲಸ ಮುಗಿಸಿ ಗುಂಡಿ ಒತ್ತಿದರೆ ಅದು ಎರಡು ಹೇಳುತ್ತಿತ್ತು.

ಆಚೆ ದ್ವೀಪದ ತವರಿನಲ್ಲಿ ಅವನ ಹೆಂಡತಿ ಮಗಳನ್ನು ಹೆತ್ತಿದ್ದಳು. ಪಾಪ, ಕೂಸಿನ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಸಂಜೆಯ ದೋಣಿಗೆ ಹೋಗಲು ರಜೆಯೇನೋ ಸಿಕ್ಕಿತ್ತು, ಆದರೆ ಯಂತ್ರದಲ್ಲಿ ಒಂದು ಕೆಲಸವೂ ಬಾಕಿ ಇರಬಾರದು.

ಮಧ್ಯಾಹ್ನ, ಮಂಡಿನೋವಿನ ರೋಗಿ ಆಪೇನಿಸ ತಾತ ಹಾಸಿಗೆಯಿಂದಲೇ ಕೈ ಚಾಚಿದ.

"ಚೆನ್ನಾಗಿದೆ ಕಣೋ ನಿನ್ ಪದಕ. ನಂಗೆ ಕೊಡು ಮಗಾ."

"ಪದಕ ಅಲ್ಲ ತಾತ, ಪೀಡೆ!"

"ಇರ್ಲಿ ಕೊಡು."

ಹಿರಿಯರು ಬಾಯಿಬಿಟ್ಟು ಕೇಳಿದರೆ ನಮ್ಮ ಫಿಜಿಯಲ್ಲಿ ಇಲ್ಲವೆನ್ನುವುದುಂಟೇ? ವಿಲಿಕೇಸ ಕೊಟ್ಟುಬಿಟ್ಟ. ಕಿವಿ ತಣ್ಣಗಾಯಿತು. ವರಾಂಡದ ಚಾಪೆಯ ಮೇಲೆ ಅರೆಗಳಿಗೆ ಎಂದು ಒರಗಿದವನಿಗೆ ನಿದ್ದೆ ಹತ್ತಿತು. ಕಡಲ ಗಾಳಿಗೆ ಆಸ್ಪತ್ರೆಯೇ ದೋಣಿಯಾಗಿ ತೇಲತೊಡಗಿತು. ಹಾಸಿಗೆ ಹಾಸಿಗೆಯಲ್ಲೂ ಕೂಸುಗಳು, ಎಲ್ಲಕ್ಕೂ ಅವನದೇ ಮೂಗು. ಯಾರೂ ನೀರು ಕೇಳುತ್ತಿರಲಿಲ್ಲ.

ಇತ್ತ ತಾತನ ಸುತ್ತ, ನೋಡಲು ಬಂದ ನೆಂಟರ ಜಾತ್ರೆ. ಯಂತ್ರ ನೀರೆಂದರೆ ತಾತ "ಏಯ್, ನೀರಂತೆ ಕಣ್ರೋ!" ಅನ್ನುವನು, ಸೋದರಳಿಯಂದಿರು ಓಡುವರು. ಹಾಸಿಗೆ ಎಂದರೆ ಸೊಸೆಯಂದಿರು ಹಾಡುತ್ತಾ ಬದಲಿಸುವರು. "ಆಯ್ತು" ಎಂದು ತಾತ ಗುಂಡಿ ಒತ್ತುವನು.

ವಿಲಿಕೇಸ ಎದ್ದು ನೋಡಿದರೆ ಕೆಲಸವೆಲ್ಲ ಖಾಲಿ! ತಾತನ ಕೆನ್ನೆಗೊಂದು ಮುತ್ತಿಟ್ಟು, ಚೀಲ ಹೆಗಲಿಗೇರಿಸಿ ಹೊರಟ. ಬಾಗಿಲಲ್ಲಿ ಹಿರಿಯ ನರ್ಸ್ ಮಕೆರೆತಾ ಅಕ್ಕ ಅಡ್ಡ ನಿಂತಳು.

"ಎಲ್ಲಿಗೋ? ಸುವಾದಿಂದ ಫೋನ್ ಬಂದಿತ್ತು. ಯಂತ್ರದ ಲೆಕ್ಕದಲ್ಲಿ ನೀನೊಬ್ನೇ ಮೂರು ಜನದ ಕೆಲಸ ಮಾಡಿದ್ದೀಯಂತೆ! ಸಾಹೇಬ್ರು ಖುಷಿಯಾಗಿ ಮಿಕ್ಕ ಇಬ್ಬರು ಆಳುಗಳನ್ನೂ ಅಲ್ಲಿಗೇ ಕರೆಸ್ಕೊಂಡ್ರು. ನಿನ್ನ ರಜೆ ರದ್ದು."

"ಅಯ್ಯೋ ಅಕ್ಕಾ, ಅದು ನಾನಲ್ಲ!"

"ಹೌದಾ? ಯಂತ್ರಾನ ರೋಗಿ ಕೊರಳಿಗೆ ಹಾಕಿ ಮಲಗಿದ್ದೆ ಅಂತ ಅವರಿಗೆ ಹೇಳ್ಲಾ?"

ವಿಲಿಕೇಸ ಚೀಲವನ್ನು ಹೆಗಲಿಂದ ಇಳಿಸಿದ. ದೋಣಿ ಹೊರಟ ಸದ್ದಿಗೆ ಅಳುವೇ ಬಂತು.

"ನನ್ ಹೆಂಡ್ತಿಗೆ ಏನಂತ ಹೇಳ್ಲಿ ಅಕ್ಕಾ?"

"ನಾನೇ ಫೋನ್ ಮಾಡಿ ಹೇಳ್ದೆ. ತುಂಬಾ ಹೆಮ್ಮೆಪಟ್ಲು ಕಣೋ. ಮುಂದಿನ ದೋಣಿಗೆ ಕೂಸಿನ ಜೊತೆ ಬರ್ತಾಳಂತೆ. ಕೈ ಅಷ್ಟು ಚುರುಕಾಗಿದ್ರೆ, ಅಡುಗೆ, ಬಟ್ಟೆ, ರಾತ್ರಿ ತೊಟ್ಟಿಲು ತೂಗೋದು, ಎಲ್ಲಾ ಇನ್ಮೇಲೆ ನಮ್ಮ ಯಜಮಾನ್ರೇ ನೋಡ್ಕೊಳ್ಲಿ ಅಂದ್ಲು."