ಪೋಸ್ಟ್ ಮಾಸ್ತರರ ಅಂಗಳದ ವಿಭೂತಿ

ಕಾಶಿನಾಥ ಆ ಎಲೆಯನ್ನು ತಿರುವಿ ನೋಡದಿದ್ದರೆ, ನೋಡಿದರೂ "ಅಯ್ಯಯ್ಯೋ ಶಿವನ!" ಎಂದು ಕೂಗದಿದ್ದರೆ, ಆ ದಿನ ಬಮ್ಮಿಗಟ್ಟಿಯಲ್ಲಿ ವಿಶೇಷವೇನೂ ನಡೆಯುತ್ತಿರಲಿಲ್ಲ. ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅವನು ಎರಡನ್ನೂ ಮಾಡಿದ.

ಕಾಶಿನಾಥ ಊರಿನ ಪೋಸ್ಟ್ ಮಾಸ್ತರ. ಅಂಚೆ ಕಚೇರಿ ಎಂದರೆ ಅವನ ಮನೆಯ ಮುಂದಿನ ಕೋಣೆ. ಅವನಿಗಿದ್ದ ಹುಚ್ಚು ಒಂದೇ, ಹೂವಿನದು. ಅದರಲ್ಲೂ ನರ್ಸರಿಯವರು ಇಂಪೇಶನ್ಸ್ ಎನ್ನುವ, ಊರ ಹೆಂಗಸರು ಗೌರಿ ಹೂವಿನ ತಂಗಿ ಎನ್ನುವ, ನೆರಳಿನಲ್ಲೇ ಮೈತುಂಬ ಅರಳುವ ಗಿಡ. ಮುಂದಿನ ಅಂಗಳದ ಮಡಿಯಲ್ಲಿ ನಲವತ್ತೆರಡು ಗಿಡ, ಹಿತ್ತಲಲ್ಲಿ ಇಪ್ಪತ್ತಾರು ಕುಂಡ. ಬರುವ ಶುಕ್ರವಾರ ಧಾರವಾಡದಲ್ಲಿ ಹೂವಿನ ಪ್ರದರ್ಶನವಿತ್ತು. ನಾಲ್ಕು ವರ್ಷ ಹೋಗಿ ನಾಲ್ಕು ವರ್ಷವೂ ಅವನು ತಂದದ್ದು ಸಮಾಧಾನಕರ ಬಹುಮಾನ, ಅಂದರೆ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ.

"ಜೀರಗಿ, ಸಾಸಿವಿ, ಮೆಂತೆ, ಬೆಲ್ಲ. ನಾಕೂ ಡಬ್ಬಿ ತುಂಬ್ಯಾವು" ಎಂದು ಹೆಂಡತಿ ಸುಮಂಗಲಾ ಹಿಂದಿನ ವಾರವೇ ಹೇಳಿದ್ದಳು. "ಐದನೇದು ತಂದ್ರ ಅದರಾಗ ನಿಮ್ಮನ್ನ ಹಾಕಿ ಮುಚ್ಚತೀನಿ."

ಈ ಸಲ ಮೊದಲ ಬಹುಮಾನ, ಇಲ್ಲವಾದರೆ ಜನ್ಮದಲ್ಲಿ ಹೂವಿನ ಸುದ್ದಿಗೆ ಹೋಗುವುದಿಲ್ಲ ಎಂದು ಕಾಶಿನಾಥ ಆಣೆ ಮಾಡಿದ್ದ. ಹಾಗಿರುವಾಗ ಮಡಿಯ ಗಿಡಗಳ ಎಲೆಗಳು ಮಾಸಲು ಹಳದಿಯಾಗಿ ಕೆಳಕ್ಕೆ ಮುದುಡಿದ್ದವು. ತುದಿಯ ಮೂರು ಗಿಡಗಳು ರಾತ್ರೋರಾತ್ರಿ ಎಲೆ, ಹೂವು ಎರಡನ್ನೂ ಉದುರಿಸಿ, ಸಲೂನಿನಿಂದ ಆಗಷ್ಟೇ ಎದ್ದು ಬಂದವರಂತೆ ಬೋಳಾಗಿ ನಿಂತಿದ್ದವು. ಒಂದು ಎಲೆ ತಿರುವಿದರೆ ಅಡಿಯಲ್ಲೆಲ್ಲ ಬಿಳಿ ಪುಡಿ, ಜರಡಿ ಹಿಡಿದ ಮೈದಾ ಹಿಟ್ಟಿನಂತೆ.

ಅವನು ಕೂಗಿದಾಗ ಬಾಜೂ ಮನೆಯ ಲಕ್ಷ್ಮವ್ವ ಅಲ್ಲೇ ಇದ್ದಳು. ದಿನಾ ಬೆಳಿಗ್ಗೆ ಪೂಜೆಗೆಂದು ಅವನ ಅಂಗಳದ ಹೂವನ್ನು ಕೇಳದೇ ಕೊಯ್ಯುವುದು ಅವಳ ಹನ್ನೆರಡು ವರ್ಷದ ಪದ್ಧತಿ.

"ಏನಾತ್ರೀ ಮಾಸ್ತರ್ರ, ಚೇಳು ಕಡೀತೇನು?" ಎಂದು ಬಂದವಳು ಎಲೆಯನ್ನು ನೋಡಿದಳು. ಬೆರಳಿನಿಂದ ಬಿಳುಪನ್ನು ಸವರಿದಳು. ಅವಳ ಕಣ್ಣು ದೊಡ್ಡವಾದವು. ಸೆರಗು ತಲೆಯ ಮೇಲೆ ಬಂತು. ಮೂರು ಬೆರಳು ಹಣೆಯ ಮೇಲೆ ಅಡ್ಡ ಹರಿದವು.

"ವಿಭೂತಿ!" ಎಂದಳು. "ಶ್ರಾವಣ ಸ್ವಾಮಾರ, ಗಿಡದಾಗ ವಿಭೂತಿ ಹುಟ್ಟೇತಿ!"

"ಅಲ್ಲ ಲಕ್ಷ್ಮವ್ವ, ಇದು ಏನೋ ರೋಗ…"

"ಬಿಡ್ತು ಅನ್ರಿ!" ಎಂದವಳು ಐದು ಎಲೆ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಗೇಟು ದಾಟಿದಳು.

ಕಾಶಿನಾಥನ ತಂಗಿ ರೋಹಿಣಿ ನವಲಗುಂದದಲ್ಲಿ ತೋಟಗಾರಿಕೆ ಇಲಾಖೆಯಲ್ಲಿದ್ದಳು. ಅವಳಿಗೆ ಎಲೆಯ ಎರಡೂ ಮಗ್ಗಲಿನ ಫೋಟೊ ಕಳಿಸಿದ. ಎರಡನೇ ನಿಮಿಷಕ್ಕೆ ಫೋನು ಬಂತು.

"ಅಣ್ಣಾ, ಬೂಜು ತುಪ್ಪಟ ರೋಗ."

"ಬೂದಿ ರೋಗ ಅಲ್ಲ?"

"ಬೂದಿ ರೋಗಾದ್ರ ಹೆಚ್ಚಾಗಿ ಎಲಿ ಮ್ಯಾಲೆ ಕಾಣ್ತಿತ್ತು. ಇದು ಅಡಿಗೆ ಐತಿ. ತಂಪು ಹವಾ, ಜಿಟಿಜಿಟಿ ಮಳಿ, ಎಲಿ ಆರೂದಿಲ್ಲ, ಬಂದೇ ಬಿಡ್ತೈತಿ. ನೀರು ಹೆಂಗ ಹಾಕ್ತಿ?"

"ಸಂಜಿಕ ಪೈಪ್ ಹಿಡದು ಮ್ಯಾಲಿಂದ… ಮಳಿ ಬಂದಂಗ."

"ಮಳಿ ಸಾಲಲಿಲ್ಲಂತ ನೀನೂ ಸುರದಿ" ಎಂದಳು ರೋಹಿಣಿ. "ಇನ್ನ ಆ ಗಿಡಕ್ಕ ಔಷಧ ಇಲ್ಲ. ಔಷಧ ಏನಿದ್ರೂ ರೋಗ ಬರೂ ಮೊದಲ. ಬೇರು ಸಮೇತ ಕೀಳು, ಪ್ಲಾಸ್ಟಿಕ್ ಚೀಲದಾಗ ಹಾಕು, ಬಾಯಿ ಕಟ್ಟು. ತಿಪ್ಪಿಗೆ ಹಾಕಬ್ಯಾಡ. ಉದುರಿದ ಎಲಿ ಒಂದೂ ಬಿಡಬ್ಯಾಡ. ಆ ಮಡಿಯೊಳಗ ಮುಂದಿನ ವರ್ಷನೂ ಇದನ್ನ ಹಚ್ಚಬ್ಯಾಡ. ಹಿತ್ತಲದಾಗಿನವು ಹೆಂಗದಾವು?"

ಕಾಶಿನಾಥ ಓಡಿಹೋಗಿ ಇಪ್ಪತ್ತಾರು ಕುಂಡಗಳ ಒಂದೊಂದು ಎಲೆಯನ್ನೂ ತಿರುವಿ ನೋಡಿದ. ಎಲ್ಲ ಹಸಿರು. ನಡುವಿನ ಜೋಡಿ ಎಸಳಿನ ಗುಲಾಬಿ ಬಣ್ಣದ ಗಿಡವಂತೂ, ಅವನ ಮೊದಲ ಬಹುಮಾನದ ಗಿಡ, ಮದುವೆ ಮನೆಯ ಬೀಗಿತಿಯಂತೆ ತುಂಬಿ ನಿಂತಿತ್ತು.

"ಅವು ಉಳೀಬೇಕಂದ್ರ ಮುಂದಿನವನ್ನ ಇವತ್ತ ಕೀಳು. ಗಾಳಿಗೆ ಹಾರ್ತೈತಿ ಅದು" ಎಂದು ರೋಹಿಣಿ ಫೋನಿಟ್ಟಳು.

ಅವನು ಚೀಲ ಹುಡುಕಿ ಅಂಗಳಕ್ಕೆ ಬರುವ ಹೊತ್ತಿಗೆ ಏಳೂವರೆ. ಅಂಗಳದಲ್ಲಿ ಹದಿನೇಳು ಹೆಂಗಸರಿದ್ದರು. ಮಡಿಗೆ ಅರಿಷಿಣ, ಕುಂಕುಮ ಬಿದ್ದಿತ್ತು. ಊದಿನಕಡ್ಡಿಯ ಹೊಗೆಯ ನಡುವೆ ಲಕ್ಷ್ಮವ್ವ ತನ್ನ ಬಲ ಮೊಣಕಾಲನ್ನು ಎಲ್ಲರಿಗೂ ಮಡಚಿ ತೋರಿಸುತ್ತಿದ್ದಳು. ಆರು ವರ್ಷದ ನೋವು ಒಂದು ಎಲೆಗೆ ಹೋಗಿತ್ತಂತೆ. ಎಂಟೂವರೆಗೆ ಎಡ ಮೊಣಕಾಲೂ ಗುಣವಾಯಿತು. ಅದು ಎಂದೂ ನೋಯುತ್ತಿರಲಿಲ್ಲ ಎಂಬುದು ಅವಳ ಸೊಸೆಗೆ ಗೊತ್ತಿತ್ತು. ಆದರೆ ಸೊಸೆಯನ್ನು ಯಾರೂ ಕೇಳಲಿಲ್ಲ.

ಕಾಶಿನಾಥ ಬಗ್ಗಿ ಮೊದಲ ಗಿಡದ ಬುಡಕ್ಕೆ ಕೈ ಹಾಕಿದ.

"ಏಯ್ ಏಯ್ ಏಯ್!" ಹದಿನೇಳು ಬಾಯಿ ಒಟ್ಟಿಗೇ ತೆರೆದವು. "ಶ್ರಾವಣದಾಗ ವಿಭೂತಿ ಹುಟ್ಟಿದ ಗಿಡಾ ಕೀಳ್ತೀರಿ? ಹೆಂಡರು ಮಕ್ಕಳು ಅದಾರಿಲ್ಲೋ ನಿಮಗ?"

ಅವನು ಕೈ ಹಿಂದಕ್ಕೆಳೆದುಕೊಂಡ. ಬಿಸಿ ಹೆಂಚು ಮುಟ್ಟಿದ್ದರೂ ಅಷ್ಟು ಬೇಗ ಎಳೆದುಕೊಳ್ಳುತ್ತಿರಲಿಲ್ಲ.

ಗೇಟು ಹಾಕೋಣವೆಂದರೆ ಹತ್ತಕ್ಕೆ ಕಚೇರಿ ತೆರೆಯಬೇಕು. ಸರಕಾರಿ ಕಚೇರಿಯ ಗೇಟನ್ನು ಸಾರ್ವಜನಿಕರಿಗೆ ಹಾಕುವಂತಿಲ್ಲ. ಅಂದು ಬಂದ ಸಾರ್ವಜನಿಕರಲ್ಲಿ ಪಿಂಚಣಿಗೆ ಬಂದವರು ಒಂಬತ್ತು ಜನ, ಪಾರ್ಸೆಲ್ಲಿಗೆ ಒಬ್ಬ, ಉಳಿದವರು ಎಲೆಗೆ. ಬಮ್ಮಿಗಟ್ಟಿಯಲ್ಲಿ ಸುದ್ದಿ ಸ್ಪೀಡ್ ಪೋಸ್ಟಿಗಿಂತ ಮುಂದೆ ಹೋಗುತ್ತದೆ. ಹನ್ನೊಂದರ ಬಸ್ಸಿಗೆ ಕಲಘಟಗಿಯಿಂದಲೂ ಜನ ಇಳಿದರು. ಕಾಶಿನಾಥ ಕಿಟಕಿಯಿಂದ ನೋಡುತ್ತಾ, ಹೊರಗೆ ಹೋಗುವ ಎಲೆಗಳನ್ನು ಎಣಿಸುತ್ತಾ, ಒಬ್ಬ ಅಜ್ಜಿಯ ಪಾಸ್‌ಬುಕ್ಕಿಗೆ ಎರಡು ಸಲ ಸಿಕ್ಕೆ ಒತ್ತಿದ. ಮುನ್ನೂರರ ತನಕ ಎಣಿಸಿ ಬಿಟ್ಟುಬಿಟ್ಟ.

ಒಬ್ಬಳಾದರೂ ತಿಳಿದವಳು ಬಂದಳಲ್ಲ ಎಂದು ಅವನಿಗೆ ಜೀವ ಬಂದದ್ದು ಗೌಸಬಿಯನ್ನು ಕಂಡಾಗ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಗೌಸಬಿ ಎಲೆಯನ್ನು ತಿರುವಿ ಒಂದೇ ಮಾತಿಗೆ ಹೇಳಿದಳು: "ಇದು ರೋಗ ಐತ್ರಿ ಮಾಸ್ತರ್ರ. ಇಂಥಾದ್ದ ನಮ್ಮ ಸೌತಿಬಳ್ಳಿಗೆ ಬಂದಿತ್ತು. ವಾರದಾಗ ಬಳ್ಳಿ ಹೊಳ್ಳಿ ಮಲಗಿತು."

"ಹೌದವಾ ಗೌಸಬಿ! ಇದನ್ನ ಜರಾ ಈ ಮಂದಿಗೆ ಹೇಳು!"

"ನಾ ಹೇಳಿದ್ರ ಕೇಳ್ತಾರೇನ್ರಿ?" ಎಂದ ಗೌಸಬಿ ಎರಡು ಎಲೆ ಕಿತ್ತು ಚೀಲಕ್ಕೆ ಹಾಕಿಕೊಂಡಳು.

"ಅಯ್ಯ, ರೋಗ ಅಂದಿ, ಮತ್ತ ಒಯ್ತಿ?"

"ಎಲ್ಲಾರೂ ಒಯ್ಯಾಕತ್ತಾರಲ್ರಿ. ನಂದೂ ಒಂದೆರಡು ಇರ್ಲಿ. ಆದ್ರ ಆತು, ಇಲ್ಲಾಂದ್ರ ಆಡು ತಿಂತೈತಿ."

ಒಂದು ಗಂಟೆಗೆ ಪಂಚಾಯಿತಿ ಸದಸ್ಯ ಶಂಕ್ರಪ್ಪ ಬಂದ, ಕೈಯಲ್ಲಿ ಅಳತೆಯ ಟೇಪು. ಮಡಿಯ ಉದ್ದ ಅಳೆದ, ಅಗಲ ಅಳೆದ, ನಂತರ ಅಂಚೆ ಕಚೇರಿಯ ಗೋಡೆಯ ತನಕ ಅಳೆದ.

"ಇಲ್ಲಿ ಕಂಬ, ಅಲ್ಲಿ ಕಂಬ, ಮ್ಯಾಲೆ ತಗಡಿನ ಪತ್ರಾಸ್. ಮುಂದಿನ ಸ್ವಾಮಾರದೊಳಗ ಶೆಡ್ಡು ನಿಲ್ಲಸೂಣು ಮಾಸ್ತರ್ರ."

"ಶೆಡ್ಡು ನಿಂತ್ರ ನನ್ನ ಕಚೇರಿ ಬಾಗಲಾ ಹೆಂಗ ತಗೀಲಿ?"

"ಕಚೇರಿ ಎಲ್ಲಿ ಬೇಕಾದಲ್ಲಿ ಇಡಬಹುದ್ರಿ. ವಿಭೂತಿ ಎಲ್ಲಿ ಬೇಕಾದಲ್ಲಿ ಹುಟ್ಟೂದಿಲ್ಲ" ಎಂದು ಶಂಕ್ರಪ್ಪ ಟೇಪನ್ನು ಸುತ್ತಿಕೊಂಡ.

ಕಾಶಿನಾಥ ಒಳಗೆ ಬಂದು ಕುಸಿದು ಕುಳಿತ. ಸುಮಂಗಲಾ ಚಹಾ ಕೊಟ್ಟಳು. "ಅವರಿಗೆ ನಿಮ್ಮ ಮಾತು ಬ್ಯಾಡ, ನಿಮ್ಮ ತಂಗಿ ಮಾತೂ ಬ್ಯಾಡ. ಮಠದ ಅಜ್ಜಾರನ್ನ ಕರಸ್ರಿ. ಅವರು ಕೀಳಂದ್ರ ಎಲ್ಲಾರೂ ಮುಂದ ನಿಂತು ಕೀಳ್ತಾರ."

"ಅವರೂ ವಿಭೂತಿ ಅಂದುಬಿಟ್ರ?"

"ಈಗ ಏನು ಉಳದೇತಿ ಅಂತ ಅಂಜಾಕತ್ತೀರಿ?"

ಮೂರು ಗಂಟೆಗೆ ಮಠದ ಸ್ವಾಮಿಗಳು, ಊರವರ ಬಾಯಲ್ಲಿ ಅಜ್ಜಾರು, ಬಂದರು. ಅಂಗಳದಲ್ಲಿ ಆಗಲೇ ಶುರುವಾಗಿದ್ದ ಭಜನೆ ನಿಂತಿತು. ಲಕ್ಷ್ಮವ್ವ ತಾನು ಬೆಳಿಗ್ಗೆಯಿಂದ ಪೂಜಿಸಿದ ಎಲೆಯನ್ನು, ಕುಂಕುಮ ಅಕ್ಷತೆ ಸಮೇತ, ಅವರ ಕೈಯಲ್ಲಿಟ್ಟು ಕಾಲಿಗೆ ಬಿದ್ದಳು. ಅಜ್ಜಾರು ಕನ್ನಡಕ ಏರಿಸಿದರು. ಎಲೆಯನ್ನು ಬೆಳಕಿಗೆ ಹಿಡಿದರು. ಅಡಿಯ ಬಿಳುಪನ್ನು ಉಗುರಿನಿಂದ ಕೆರೆದು ನೋಡಿದರು.

"ವಿಭೂತಿ ಅಲ್ಲ ಇದು" ಎಂದರು ಅಜ್ಜಾರು. "ಬೂಜು ರೋಗ. ನಾ ವಿಜಯಪುರದ ಕಡೆಯವ. ನಮ್ಮ ತಂದಿ ದ್ರಾಕ್ಷಿ ತ್ವಾಟ ಇಂಥಾದ್ದಕ್ಕ ಹೋತು. ಎಂಟು ವರ್ಷದ ಹುಡುಗ ಇದ್ದಾಗಿಂದ ನೋಡೇನಿ. ವಿಭೂತಿ ಬೇಕಾದ್ರ ಮಠಕ್ಕ ಬರ್ರಿ, ಕೊಡ್ತೀನಿ. ಇದನ್ನ ಮೊದಲ ಕೀಳ್ರಿ. ಒಯ್ದ ಎಲಿ ಎಲ್ಲಾ ತಂದು ಕೊಡ್ರಿ, ಇಲ್ಲಾಂದ್ರ ಊರಾಗಿನ ಹೂವಿನ ಗಿಡ ಎಲ್ಲಾ ಹೋಗ್ತಾವು."

ಲಕ್ಷ್ಮವ್ವ ಮೆಲ್ಲಗೆ ಬಲ ಮೊಣಕಾಲು ಹಿಡಿದುಕೊಂಡು ಕೂತಳು. ಶಂಕ್ರಪ್ಪ ಟೇಪನ್ನು ಅಂಗಿಯ ಕಿಸೆಗೆ ಇಳಿಬಿಟ್ಟ.

"ಉಳದಾವೇನಪಾ ಯಾವರೆ?" ಎಂದು ಅಜ್ಜಾರು ಕೇಳಿದರು.

"ಹಿತ್ತಲದಾಗ ಇಪ್ಪತ್ತಾರು ಅದಾವ್ರಿ ಅಜ್ಜಾರ. ಅಗದಿ ಸ್ವಚ್ಛ ಅದಾವು."

"ನೋಡ್ತೀನಿ ನಡಿ."

ಹಿತ್ತಲಲ್ಲಿ ಅಜ್ಜಾರಿಗೆ ಕುರ್ಚಿ ಹಾಕಿದರು, ಸುಮಂಗಲಾ ಹಾಲು ತಂದಳು. ಅಜ್ಜಾರು ನಾಲ್ಕಾರು ಎಲೆ ತಿರುವಿ ನೋಡಿ, "ಭಾಳ ಚಂದ ಬೆಳಸೀ" ಎಂದರು. ನಾಲ್ಕು ವರ್ಷದಲ್ಲಿ ಒಬ್ಬ ತೀರ್ಪುಗಾರನೂ ಕಾಶಿನಾಥನಿಗೆ ಆಡದ ಮಾತು ಅದು. ಅವನು ಹಾರುತ್ತಲೇ ಅಂಗಳಕ್ಕೆ ಬಂದ.

ಮುಂದಿನ ಅರ್ಧ ಗಂಟೆ ಅವನ ಜೀವಮಾನದ ಒಳ್ಳೆಯ ಅರ್ಧ ಗಂಟೆ. ಬೆಳಿಗ್ಗೆ ಕೈ ಹಾಕಬೇಡ ಎಂದವರೇ ಗಿಡಗಳನ್ನು ಬೇರು ಸಮೇತ ಕಿತ್ತು ಕೊಟ್ಟರು. ಶಂಕ್ರಪ್ಪ ನಿಂತು ಚೀಲದ ಬಾಯಿ ಕಟ್ಟಿದ. ನಲವತ್ತೆರಡು ಗಿಡ ಮೂರು ಚೀಲಕ್ಕೆ ಹೋದವು. ಉದುರಿದ ಎಲೆಗಳನ್ನು ಕಾಶಿನಾಥ ಮೊಣಕಾಲೂರಿ ಒಂದೊಂದಾಗಿ ಆರಿಸಿದ. ಜನ ಹಿಂದಿರುಗಿಸುವ ಎಲೆಗಳಿಗೆಂದು ನಾಲ್ಕನೆಯ ಚೀಲವನ್ನು ಗೇಟಿನ ಪಕ್ಕ ಬಾಯಿ ತೆರೆದು ನಿಲ್ಲಿಸಿ, "ಇದರಾಗ ಹಾಕ್ರಿ" ಎಂದು ಸಾರಿ, ಸೋಪು ಹಚ್ಚಿ ಮೊಣಕೈ ತನಕ ಕೈ ತೊಳೆದುಕೊಂಡ.

ಜನ ಬರುತ್ತಲೇ ಇದ್ದರು. ಕಲಘಟಗಿಯ ಬಸ್ಸು ಹತ್ತಬೇಕಿದ್ದವರೂ ತಿರುಗಿ ಬಂದರು. ಎಲ್ಲರ ಮುಷ್ಟಿಯೂ ಮುಚ್ಚಿತ್ತು. ಚೀಲದ ಮುಂದೆ ಒಂದು ಗಳಿಗೆ ನಿಲ್ಲುವರು, ಇಣುಕುವರು, "ಅಜ್ಜಾರು ಹಿತ್ತಲದಾಗ ಅದಾರಲ್ಲ?" ಎನ್ನುವರು, ಒಳಗೆ ಹೋಗುವರು. ಮೊದಲು ದರ್ಶನ ಮಾಡಿ ಆಮೇಲೆ ಚೀಲಕ್ಕೆ ಹಾಕುತ್ತಾರೆ ಎಂದುಕೊಂಡ ಕಾಶಿನಾಥ, ಒಬ್ಬೊಬ್ಬರಿಗೂ ನಗುಮುಖದಿಂದ ದಾರಿ ತೋರಿಸಿದ.

ಐದು ಗಂಟೆಗೆ ಅಜ್ಜಾರು ಹೊರಟರು. ಅವರನ್ನು ಕಾರಿನ ತನಕ ಕಳಿಸಿ ಬಂದು ಅವನು ಚೀಲದೊಳಗೆ ಕೈ ಹಾಕಿದ. ತಳ ಸಿಕ್ಕಿತು.

ಕಾಶಿನಾಥ ಹಿತ್ತಲಿಗೆ ಓಡಿದ.

ಇಪ್ಪತ್ತಾರು ಕುಂಡಗಳೂ ಇದ್ದಲ್ಲೇ ಇದ್ದವು. ಒಂದೊಂದರ ಬುಡದಲ್ಲೂ ಹತ್ತು ಹನ್ನೆರಡು ಎಲೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿ, ಹಾರಿಹೋಗದಂತೆ ಮೇಲೆ ಚಿಟಿಕೆ ಮಣ್ಣು ಒತ್ತಿ, ಕುಂಕುಮ ಇಟ್ಟು, ತೀರ್ಥದಂತೆ ನೀರು ಚಿಮುಕಿಸಲಾಗಿತ್ತು. ಜೋಡಿ ಎಸಳಿನ ಗುಲಾಬಿ ಗಿಡಕ್ಕೆ ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆ. ಅದರ ಬುಡವೇ ಕಾಣುತ್ತಿರಲಿಲ್ಲ.

ಲಕ್ಷ್ಮವ್ವ, ಸುಮಂಗಲಾ ಇನ್ನೂ ಅಲ್ಲೇ ನಿಂತಿದ್ದರು. ಕಾಶಿನಾಥ ಅವರ ಕಡೆ ತಿರುಗಿದ.

"ಚೀಲ… ಚೀಲಕ್ಕ ಹಾಕ್ರಿ ಅಂದಿದ್ದೆ…"

"ಚೀಲದಾಗ ಹೆಂಗ ಹಾಕೂದ್ರಿ?" ಲಕ್ಷ್ಮವ್ವನಿಗೆ ನಿಜಕ್ಕೂ ನೋವಾಗಿತ್ತು. "ಅದು ಕಸದ ಚೀಲ. ವಿಭೂತಿ ಇರ್ಲಿ, ರೋಗ ಇರ್ಲಿ, ಒಂದು ಸಲ ಪೂಜಿ ಮಾಡೀವಲ್ಲ? ಪೂಜಿ ಮಾಡಿದ್ದು ಗಿಡದ ಬುಡಕ್ಕ ಹಾಕಬೇಕು. ಮುಂದಿನ ಮಡಿ ನೀವು ಕಿತ್ತ ಬಿಟ್ರಿ. ಉಳದದ್ದು ಇವ ಗಿಡ."

"ನಿಮಗ ಅಷ್ಟೂ ತಿಳೀಲಿಲ್ಲ? ಅಜ್ಜಾರು ಇಲ್ಲೇ ಕೂತಿದ್ರು! ಅವರರೆ ಬ್ಯಾಡ ಅನಲಿಲ್ಲೇನು?"

ಲಕ್ಷ್ಮವ್ವ ಸುಮಂಗಲಾಳನ್ನು ನೋಡಿದಳು. ಸುಮಂಗಲಾ ಖಾಲಿ ಹಾಲಿನ ಲೋಟವನ್ನು ನೋಡಿದಳು.

"ನಾವೂ ಚೀಲಕ್ಕ ಹಾಕವರ ಇದ್ವಿ" ಎಂದಳು ಲಕ್ಷ್ಮವ್ವ ಕೊನೆಗೆ. "ಆದ್ರ ನಾ ಕೊಟ್ಟ ಎಲಿ ಅವರ ಕೈಯಾಗ ಇತ್ತಲ್ರಿ, ಕುಂಕುಮ ಹಚ್ಚಿದ್ದು? ಹಾಲು ಕುಡಿಯೂ ಮುಂದ ಎಲ್ಲಿಡೂದು ಅಂತ ಆ ಕಡೆ ಈ ಕಡೆ ನೋಡಿದ್ರು. ಕಣ್ಣಿಗೆ ಒತ್ತಿಕೊಂಡ್ರು. ಆಮ್ಯಾಲೆ ಆ ನಡುವಿನ ಗುಲಾಬಿ ಗಿಡದ ಬುಡಕ್ಕ ಮೊದಲನೇದ್ದು ಅಜ್ಜಾರ ಇಟ್ರು."

ಸುಮಂಗಲಾ ಗೇಟಿಗೆ ಹೋಗಿ ನಾಲ್ಕನೆಯ ಚೀಲವನ್ನು ತಂದು ಗಂಡನ ಕೈಯಲ್ಲಿಟ್ಟಳು.