ಒಂಟೆಯ ಹೆಚ್ಚುವರಿ ಎರಡು ಇಂಚು

ಕಾಗದದ ಮೇಲರ್ಧ ಮಾತ್ರ ಕ್ಲೈವ್ ಟ್ರೆನರಿಯ ಕೈಗೆ ಸಿಕ್ಕಿತು. ಕೆಳಗಿನರ್ಧ ಸಾರ್ಜಂಟನ ಹೊಟ್ಟೆ ಸೇರಿತ್ತು.

ಸಾರ್ಜಂಟ್ ಎಂದರೆ ಅವನ ಮನೆಯ ಜಗಲಿಯ ಪಂಜರದಲ್ಲಿದ್ದ ಬಿಳಿ ಕೊಕಟೂ ಹಕ್ಕಿ. ತಲೆಯ ಮೇಲೆ ಹಳದಿ ಜುಟ್ಟು, ಬಾಯಲ್ಲಿ ಒಂದೇ ಮಾತು: "ಯಾರದು? ಯಾರದು?" ಅದನ್ನು ಯಾರೂ ಕೂತು ಕಲಿಸಿದ್ದಲ್ಲ. ಗೇಟು ಕಿರ್ ಎಂದರೂ, ಬೀದಿಯಲ್ಲಿ ನಾಯಿ ಸೀನಿದರೂ ಪರದೆ ಸರಿಸಿ "ಯಾರದು?" ಎನ್ನುವ ಯಜಮಾನನ ಜೊತೆ ಇಪ್ಪತ್ತು ವರ್ಷ ಬಾಳಿದ ಹಕ್ಕಿ ಇನ್ನೇನು ಕಲಿತೀತು? ಅದು ಗಂಟಲು ತೆರೆದರೆ ವಾಟಲ್ ಬೀದಿಯ ಎರಡೂ ತುದಿಗೆ ಕೇಳುತ್ತಿತ್ತು.

ಅನುಮಾನ ಕ್ಲೈವನಿಗೆ ಕಸುಬಿನಿಂದ ಬಂದದ್ದು. ಕಡಲಂಚಿನ ಊರು ಪೋರ್ಟ್ ಪೆರನ್ನಿನ ಗೋಧಿ ಕಣಜದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನೋಡಿಕೊಳ್ಳುವವನು ಅವನು. ತೂಕ ಹೆಚ್ಚಿಸಲು ಲಾರಿಯ ಸೀಟಿನಡಿ ಇಬ್ಬರು ಭಾವಮೈದುನರನ್ನು ಮುದುರಿಸಿ ತರುವ ರೈತರನ್ನು ಇಪ್ಪತ್ತಾರು ವರ್ಷ ಹಿಡಿದು ಹಿಡಿದು, ಅವನ ಕಣ್ಣಿಗೆ ಚರ್ಚಿನ ಪಾದ್ರಿ ಕೂಡ ಏನನ್ನೋ ಅಡಗಿಸಿಕೊಂಡಂತೆ ಕಾಣುತ್ತಿದ್ದ.

ಉಳಿದ ಅರ್ಧ ಕಾಗದದಲ್ಲಿ ಹೀಗಿತ್ತು: "ನಿಮ್ಮ ವಾಹನದ ಸಸ್ಪೆನ್ಷನ್ ಎರಡು ಇಂಚಿನ ಮಿತಿಯನ್ನು ಮೀರಿ ನಾಲ್ಕು ಇಂಚು ಎತ್ತರಿಸಲ್ಪಟ್ಟಿದೆ ಎಂಬ ಮಾಹಿತಿ ನಮಗೆ ತಲುಪಿದೆ. ಆ ಸಂಬಂಧ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ವಾಹನವನ್ನು ತಪಾಸಣಾ ಕೇಂದ್ರಕ್ಕೆ ತಂದು..." ಅಲ್ಲಿಂದ ಮುಂದೆ ಕೊಕ್ಕಿನ ಗುರುತು.

ಇವತ್ತೇ ಮಂಗಳವಾರ.

ಕ್ಲೈವ್ ಜಗಲಿಯಿಂದ ತನ್ನ ಜೀಪಿನಂಥ ಗಾಡಿಯನ್ನು ನೋಡಿದ. ಬೀದಿಯವರು ಅದಕ್ಕೆ ಇಟ್ಟ ಹೆಸರು ಒಂಟೆ. ಮೂರು ವರ್ಷ ಶನಿವಾರ ಭಾನುವಾರ ಎನ್ನದೆ ಅದರ ಕೆಳಗೆ ಅಂಗಾತ ಮಲಗಿ, ಹೊಸ ಕಮಾನು ಪಟ್ಟಿ, ಉದ್ದನೆಯ ಶಾಕ್ ಅಬ್ಸಾರ್ಬರ್, ಆನೆಕಾಲಿನಂಥ ಟೈರು ಹಾಕಿ ಎಬ್ಬಿಸಿ ನಿಲ್ಲಿಸಿದ್ದ. ಈಗ ಅದಕ್ಕೆ ಹತ್ತಲು ಅವನ ಹೆಂಡತಿ ಗ್ವೆನ್‌ಗೆ ಹಾಲಿನ ಕ್ರೇಟು ಬೇಕು. ತಿರುವಿನಲ್ಲಿ ಅದು ಕುಡಿದ ನಾವಿಕನ ಹಾಗೆ ವಾಲುತ್ತಿತ್ತು. ಆದರೂ ಅರವತ್ತು ತುಂಬಿದ ವಾರವೇ ಅದರಲ್ಲಿ ಮರುಭೂಮಿಗೆ ಹೋಗಿ ಕೆಂಪು ಮರಳಿನ ದೊಡ್ಡ ದಿಬ್ಬ ಹತ್ತಬೇಕೆಂಬುದು ಅವನ ಜೀವಮಾನದ ಆಸೆ. ಅರವತ್ತು ತುಂಬಿದ್ದು ಇವತ್ತು. ದಿಬ್ಬ ಶನಿವಾರಕ್ಕೆ. ತಪಾಸಣೆಯಲ್ಲಿ ಗಾಜಿಗೊಂದು ಹಳದಿ ಚೀಟಿ ಅಂಟಿಸಿದರೆ ಸಾಕು, ಒಂಟೆ ರಸ್ತೆಗಿಳಿಯುವಂತಿಲ್ಲ.

"ಯಾರು ಚಾಡಿ ಹೇಳಿದ್ದು?" ಎಂದ ಕ್ಲೈವ್.

"ಯಾರದು?" ಎಂದಿತು ಸಾರ್ಜಂಟ್.

ಪೋರ್ಟ್ ಪೆರನ್ನಿನಲ್ಲಿ ಇನ್ನೊಬ್ಬನ ಏಡಿ ಬಲೆ ಎತ್ತಿಕೊಂಡು ಹೋದವನನ್ನು ಕ್ಷಮಿಸುತ್ತಾರೆ. ಇನ್ನೊಬ್ಬನ ಹೆಂಡತಿಯ ಜೊತೆ ಹೋದವನಿಗೂ ಎರಡು ವರ್ಷದ ಮೇಲೆ ಬಿಯರು ಕೊಡಿಸುತ್ತಾರೆ. ಸರ್ಕಾರಕ್ಕೆ ಚಾಡಿ ಹೇಳಿದವನನ್ನು ಮಾತ್ರ ಮಣ್ಣು ಮಾಡುವ ದಿನವೂ ಯಾರೂ ಮಾತಾಡಿಸುವುದಿಲ್ಲ.

ಮೊದಲ ಅನುಮಾನ ಗ್ವೆನ್ ಮೇಲೆ. ಬೆಳಿಗ್ಗೆ ಐದಕ್ಕೇ ಆಸ್ಪತ್ರೆಯ ಅಡುಗೆಮನೆಯ ಕೆಲಸಕ್ಕೆ ಹೋದವಳು ಹುಟ್ಟುಹಬ್ಬದ ಮಾತೇ ಎತ್ತಿರಲಿಲ್ಲ. ಎರಡನೆಯದು ಎದುರು ಮನೆಯ ಥೆಲ್ಮಾ ಮೇಲೆ. ಒಂಟೆಯ ದೀಪ ತನ್ನ ಮಲಗುವ ಕೋಣೆಗೆ ಹೊಡೆಯುತ್ತದೆಂದು ಆಕೆಯ ದೂರು. ಆದರೆ ಮೂರನೆಯವನು ನೆನಪಾದೊಡನೆ ಮೊದಲಿನಿಬ್ಬರೂ ಖುಲಾಸೆಯಾದರು. ಪಕ್ಕದ ಮನೆಯ ಡೆಸ್ ಶುಲ್ಟ್ಸ್!

ಹೋದ ತಿಂಗಳು ಕೆಲಸದಿಂದ ಬೇಗ ಬಂದಾಗ, ಅಳತೆಯ ಟೇಪು ಹಿಡಿದ ಅಪರಿಚಿತನೊಬ್ಬ ಒಂಟೆಯ ಕೆಳಗಿಂದ ತೆವಳಿಕೊಂಡು ಬಂದಿದ್ದ. ಕ್ಲೈವ್ ಗೇಟು ದಾಟುವಷ್ಟರಲ್ಲಿ ಕಾರು ಹತ್ತಿ ಹೊರಟೇಹೋದ. ಹೋಗುವ ಮೊದಲು ಬೇಲಿಯಾಚೆ ಇದ್ದ ಡೆಸ್‌ನ ಜೊತೆ ಏನೋ ಮಾತಾಡಿದ್ದ, ಡೆಸ್ ಕೈ ಎತ್ತಿ ಏನೋ ತೋರಿಸಿದ್ದ. ಒಂಟೆಯ ನೆರಳು ಬಿದ್ದು ನನ್ನ ಟೊಮ್ಯಾಟೊ ಹಣ್ಣಾಗುತ್ತಿಲ್ಲ ಎಂದು ಡೆಸ್ ಗೊಣಗಿದ್ದೂ ಅದೇ ವಾರ. ಟೊಮ್ಯಾಟೊಗಾಗಿ ಇಪ್ಪತ್ತು ವರ್ಷದ ಸ್ನೇಹ ಮಾರಿದ್ದಾನೆ!

ಕ್ಲೈವ್ ಜಗಲಿಯಲ್ಲೇ ಫೋನು ಎತ್ತಿ ತಪಾಸಣಾ ಕೇಂದ್ರದ ನಂಬರು ಒತ್ತಿದ. ಬಾಯಿಗೆ ಕರವಸ್ತ್ರ ಒತ್ತಿಕೊಂಡು, ವಾರದಿಂದ ನೆಗಡಿಯಾದ ಬಿಷಪ್ಪನ ದನಿ ಮಾಡಿಕೊಂಡ.

"ವಾಟಲ್ ಬೀದಿ, ಹನ್ನೊಂದನೇ ನಂಬರ್. ದೋಣಿ ಎಳಿಯೋ ಟ್ರೇಲರ್. ಚೌಕಟ್ಟೆಲ್ಲಾ ತುಕ್ಕು. ಹಿಂದಿನ ದೀಪ ಇರೋ ಜಾಗದಲ್ಲಿ ಟೊಮ್ಯಾಟೊ ಸಾಸ್ ಬಾಟ್ಲಿ ಕಟ್ಟಿದಾನೆ. ನನ್ನ ಹೆಸರಾ? ಹೆಸರು ಯಾಕೆ? ನಾನೊಬ್ಬ ಜವಾಬ್ದಾರಿಯುತ ನಾಗರಿಕ."

ಹಿಂದಿನಿಂದ ಸಾರ್ಜಂಟ್ ಪಂಜರ ಅಲುಗುವ ಹಾಗೆ ಕೂಗುತ್ತಿತ್ತು. ಕ್ಲೈವ್ ಫೋನಿಟ್ಟ. ಹೊಟ್ಟೆಯ ಉರಿ ತಣ್ಣಗಾಯಿತು. ಅದೂ ಒಂದೇ ನಿಮಿಷ.

"ಏನಪ್ಪಾ ಕ್ಲೈವ್, ಹಕ್ಕಿ ಯಾಕೆ ಹಂಗೆ ಬಡ್ಕೊಳ್ತಿದೆ?" ಥೆಲ್ಮಾ ಆಗಲೇ ಮೆಟ್ಟಿಲು ಹತ್ತಿ ಬಂದಿದ್ದರು. ಎಪ್ಪತ್ನಾಲ್ಕು ವಯಸ್ಸು, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಲಾನ್ ಬೌಲ್ಸ್ ತಂಡದ ನಾಯಕಿ, ಬಿಳಿ ಸಮವಸ್ತ್ರ, ಬಿಳಿ ಟೋಪಿ. ಕಣ್ಣು ನೇರ ಕಾಗದದ ಮೇಲೆ. "ಅಯ್ಯೋ! ಯಾವ ಮುಂಡೇಗಂಡ ಚಾಡಿ ಹೇಳಿದ್ದು?"

"ನೀವೇ ಹೇಳಿ, ಥೆಲ್ಮಾ. ಯಾರಿರಬಹುದು?" ಎಂದು ಕ್ಲೈವ್ ಆಕೆಯ ಮುಖವನ್ನೇ ನೋಡಿದ.

"ಹಂಗೆ ನೋಡ್ಬೇಡ ಮಗಾ. ನನಗೆ ಬೈಯೋದಿದ್ರೆ ಮುಖಕ್ಕೇ ಬೈತೀನಿ. ನಿನ್ನ ಗಾಡಿ ದರಿದ್ರ ಗಾಡಿ. ಬೈದೆ, ಮುಗೀತು." ಬೇಲಿಯ ಕಡೆ ತಿರುಗಿ, "ಡೆಸ್! ಲೇ ಡೆಸ್! ಕ್ಲೈವನ ಒಂಟೇನ ಯಾರೋ ಹಿಡ್ಕೊಟ್ಟವ್ರೆ!"

ಡೆಸ್ ಬೇಲಿ ಹಾರಿಯೇ ಬಂದ. ಕಾಗದ ಓದಿದವನ ಮುಖ ಕೆಂಪಾಯಿತು. ನಾಟಕ ಆಡೋದು ಇವನಿಗೆ ಎಷ್ಟು ಚೆನ್ನಾಗಿ ಬರುತ್ತೆ ನೋಡು, ಎಂದುಕೊಂಡ ಕ್ಲೈವ್.

"ಸಿಗಲಿ ಗುರು ಅವ್ನು. ಏಡಿ ಬಲೆಗೆ ಕಟ್ಟಿ ಸಮುದ್ರಕ್ಕೆ ಇಳಿಸ್ತೀನಿ," ಎಂದ ಡೆಸ್. "ಅದಿರಲಿ, ಎರಡು ಗಂಟೆಗೆ ಒಂಟೇನ ಎರಡು ಇಂಚು ಕುಗ್ಗಿಸ್ಬೇಕು, ಅಷ್ಟೇ ತಾನೆ? ಭಾರ ಹಾಕಿದ್ರೆ ಕೂರತ್ತೆ. ನನ್ನ ಶೆಡ್ಡಲ್ಲಿ ಹದಿನೈದು ಮೂಟೆ ಸಿಮೆಂಟಿದೆ."

ಇಷ್ಟು ಒಳ್ಳೆಯವನಾಗಲು ಏನು ಕಾರಣವಿರಬಹುದು? ಕ್ಲೈವ್ ಯೋಚಿಸಿದ. ಪಾಪಪ್ರಜ್ಞೆ! ಬೇರೇನು? ಆದರೂ ಸಿಮೆಂಟು ಬೇಡ ಎನ್ನಲಿಲ್ಲ. ಇಪ್ಪತ್ತಾರು ವರ್ಷ ಭಾರ ಅಡಗಿಸುವವರನ್ನು ಹಿಡಿದವನು ಈಗ ಮೂಟೆಗಳನ್ನು ಡೇರೆಯ ಬಟ್ಟೆಯ ಕೆಳಗೆ ಅಡಗಿಸತೊಡಗಿದ. ಡೆಸ್ ಹೊತ್ತು ತಂದ ಒಂದೊಂದು ಮೂಟೆಗೂ ಕ್ಲೈವ್ ಬೇಕೆಂದೇ ಒಂದೊಂದು ಮಾತು ಬಿಟ್ಟ.

"ಟೇಪು ಹಿಡ್ಕೊಂಡು ಓಡಾಡೋ ಜನ ಜಾಸ್ತಿ ಆಗಿದಾರೆ ಈ ಬೀದೀಲಿ."

"ಹೌದಾ? ಯಾಕೆ?" ಎಂದ ಡೆಸ್, ಬೆವರು ಒರೆಸುತ್ತ.

"ಟೊಮ್ಯಾಟೊ ಹೇಗಿದೆ?"

"ಚೆನ್ನಾಗಿದೆ ಮಾರಾಯ. ಒಂದು ಬುಟ್ಟಿ ಕಳಿಸ್ತೀನಿ, ಗ್ವೆನ್‌ಗೆ ಹೇಳು."

ಲಂಚ, ಎಂದುಕೊಂಡ ಕ್ಲೈವ್.

ಹದಿನೈದು ಮೂಟೆ ತುಂಬಿ ಅಳೆದರು. ಇನ್ನೂ ಅರ್ಧ ಇಂಚು ಎತ್ತರ. ಟೈರಿನ ಗಾಳಿ ಬಿಡೋಣ ಎಂದ ಡೆಸ್. ಅವರು ಅಳೆಯೋದು ಚಕ್ರದ ನಡುವಿನಿಂದ ಮೇಲಕ್ಕೆ, ಗಾಳಿ ಬಿಟ್ಟರೆ ಏನೂ ಬದಲಾಗಲ್ಲ ಎಂದ ಕ್ಲೈವ್. ಥೆಲ್ಮಾ ಬೀದಿಯತ್ತ ನೋಡಿದರು. ಪಂದ್ಯಕ್ಕೆ ಹೊರಟ ಅವರ ತಂಡದ ಇಬ್ಬರು ಬಿಳಿ ಬಟ್ಟೆಯ ಹೆಂಗಸರು ಅಲ್ಲಿ ನಿಂತಿದ್ದರು. ಇಬ್ಬರೂ ಉಂಡುಟ್ಟು ಚೆನ್ನಾಗಿ ಬಾಳಿದವರು. ಮೂವರ ಕೈಯಲ್ಲೂ ನಾಲ್ಕು ನಾಲ್ಕು ಭಾರದ ಚೆಂಡುಗಳ ಚೀಲ.

"ನಾವು ಮೂವರು ಹಿಂದಿನ ಸೀಟಲ್ಲಿ ಕೂರ್ತೀವಿ," ಎಂದರು ಥೆಲ್ಮಾ. "ಕೇಳಿದ್ರೆ ಪಂದ್ಯಕ್ಕೆ ಹೊರಟಿದ್ವಿ ಅನ್ನು. ಪೊಲೀಸರು ಕೂಡ ಮುದುಕೀರನ್ನ ಇಳೀರಿ ಅನ್ನಲ್ಲ."

ಹಾಲಿನ ಕ್ರೇಟಿನ ಮೇಲೆ ಕಾಲಿಟ್ಟು, ಡೆಸ್ ಹಿಂದಿನಿಂದ ಭುಜ ಕೊಟ್ಟು ನೂಕಿ, ಮೂವರನ್ನೂ ಹತ್ತಿಸಿದ್ದಾಯಿತು. ಕೊನೆಗೆ ಡೆಸ್ ತಾನೂ ಮುಂದೆ ಕೂತ. ಸಾಕ್ಷಿಗೆ, ಎಂದ. ಒಂಟೆ ನಿಟ್ಟುಸಿರು ಬಿಟ್ಟು ಕುಗ್ಗಿತು. ಹೊರಗೆ ನಿಂತು ಅಳೆದ ಕ್ಲೈವನಿಗೆ ಸಿಕ್ಕಿದ್ದು ಒಂದೂಮುಕ್ಕಾಲು ಇಂಚು. ಕಾನೂನಿಗಿಂತ ಕಾಲಿಂಚು ಸಭ್ಯ.

ತಪಾಸಣಾ ಕೇಂದ್ರ ಊರಾಚೆ, ಆರು ಕಿಲೋಮೀಟರ್. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹೋಗುವ ಗಬ್ಬದ ಹಂದಿಯ ಹಾಗೆ ಒಂಟೆ ಸಾಗಿತು. ಒಂದೊಂದು ಗುಂಡಿಗೂ ಹಿಂದೆ ಹನ್ನೆರಡು ಚೆಂಡುಗಳು ಗುಡುಗಿದವು, ಮೂವರು ಹೆಂಗಸರು ಒಟ್ಟಿಗೆ "ಉಫ್" ಎಂದರು. ಕೇಂದ್ರದ ಬಾಗಿಲಲ್ಲೊಂದು ರಸ್ತೆಯುಬ್ಬು ಇತ್ತು. ಮುಂದಿನ ಚಕ್ರ ದಾಟಿತು. ಹಿಂದಿನ ಚಕ್ರ ಹತ್ತಿ ಇಳಿಯುವಾಗ ಕೆಳಗಿನಿಂದ ಚರ್ಚಿನ ಗಂಟೆ ಒಡೆದಂಥ ಸದ್ದು: "ಟಣ್!"

ಹಿಂದಿನ ಎಡಗಡೆಯ ಕಮಾನು ಪಟ್ಟಿ ಮುರಿದಿತ್ತು. ಒಂಟೆ ಒಂದು ಕಾಲು ಮಡಚಿ ಕೂತುಬಿಟ್ಟಿತು.

ಬೇರೆ ದಿನವಾಗಿದ್ದರೆ ಕ್ಲೈವ್ ಅತ್ತುಬಿಡುತ್ತಿದ್ದ. ಈಗ ಅವನಿಗೆ ಹೊಳೆದದ್ದೇ ಬೇರೆ: ಕುಗ್ಗಿದಷ್ಟೂ ಒಳ್ಳೆಯದು!

ತಪಾಸಣಾಧಿಕಾರಿ ಲಿನ್ ಟ್ರಾನ್ ಎಂಬ ಚಿಕ್ಕ ವಯಸ್ಸಿನ ಹುಡುಗಿ. ವಾಲಿದ ಗಾಡಿಯನ್ನೂ ಕಿಟಕಿಯಲ್ಲಿ ಸಾಲಾಗಿದ್ದ ಮೂರು ಬಿಳಿ ಟೋಪಿಗಳನ್ನೂ ನೋಡಿ, ನಾಲ್ಕೂ ಚಕ್ರ ಅಳೆದಳು. ಮತ್ತೊಮ್ಮೆ ಅಳೆದಳು. ಕಡತ ತೆಗೆದು ನೋಡಿದಳು.

"ಸರ್, ಇದು ನಾಲ್ಕು ಇಂಚು ಎತ್ತರಿಸಿದ ಗಾಡಿ ಅಲ್ವಾ?"

"ಯಾರಮ್ಮ ಹೇಳಿದ್ದು?" ಕ್ಲೈವ್ ಎದೆ ಸೆಟೆಸಿದ. "ಚಾಡಿಕೋರರ ಮಾತು. ಗಾಡಿ ನಿಮ್ಮ ಕಣ್ಮುಂದೆ ಇದೆ. ಎರಡು ಇಂಚೂ ಇಲ್ಲ."

"ಅದೇ ನನಗೂ ಅರ್ಥ ಆಗ್ತಿಲ್ಲ. ನಿಮ್ಮ ಅರ್ಜೀಲಿ ನಾಲ್ಕು ಅಂತಿದೆ."

"ನನ್ನ ಅರ್ಜಿ?"

"ನಾಲ್ಕು ಇಂಚಿಗೆ ವಿಶೇಷ ಅನುಮತಿ ಕೇಳಿ. ಎಂಜಿನಿಯರ್ ಬಂದು ಅಳೆದು, ಗಟ್ಟಿಮುಟ್ಟಾಗಿದೆ ಅಂತ ಬರೆದು ಕೊಟ್ಟಿದಾರೆ. ಇವತ್ತು ನಾನು ನಾಲ್ಕು ಇಂಚು ಹೌದು ಅಂತ ನೋಡಿ ಸೀಲು ಒತ್ತಬೇಕಿತ್ತು, ಅಷ್ಟೆ. ಕಾಗದದ ಕೆಳಗೆ ಎಲ್ಲಾ ಬರೆದಿತ್ತಲ್ಲ?"

ಆಗ ಕೇಂದ್ರದ ಬಾಗಿಲ ಹಿಂದಿನಿಂದ ಗ್ವೆನ್ ಬಂದಳು. ಆಸ್ಪತ್ರೆಯ ಅಡುಗೆಮನೆಯ ಏಪ್ರನ್ ಇನ್ನೂ ಮೈಮೇಲಿತ್ತು. ಕೈಯಲ್ಲಿ ಒಂಟೆಯ ಆಕಾರದ ಕೇಕು, ಅದರ ಡುಬ್ಬದ ಮೇಲೆ ಅರವತ್ತು ಎಂಬ ಮೇಣದ ಬತ್ತಿ.

"ಹುಟ್ಟುಹಬ್ಬದ ಶುಭಾ..." ಎಂದವಳು ಗಾಡಿಯನ್ನು ನೋಡಿ ಅಲ್ಲೇ ನಿಲ್ಲಿಸಿದಳು. "ಕ್ಲೈವ್, ಏನ್ ಮಾಡಿದ್ಯೋ ಇದಕ್ಕೆ?"

"ಟೇಪು ಹಿಡಿದಿದ್ದ ಆ ಮನುಷ್ಯ..." ಎಂದ ಕ್ಲೈವ್.

"ನಾನೇ ಅರ್ಜಿ ಹಾಕಿ ಕರೆಸಿದ ಎಂಜಿನಿಯರ್. ಮರುಭೂಮಿಗೆ ಕಳ್ಳನ ಹಾಗೆ ಯಾಕೆ ಹೋಗ್ಬೇಕು, ಕಾಗದ ಕೈಲಿಟ್ಕೊಂಡೇ ಹೋಗಲಿ ಅಂತ."

"ಓ, ಅವ್ನಾ!" ಎಂದ ಡೆಸ್ ಕಿಟಕಿಯಿಂದ. "ಹೆದ್ದಾರಿಗೆ ಯಾವ ಕಡೆ ಅಂತ ನನ್ನ ಕೇಳಿದ್ದ."

"ಇಳೀರಿ! ಎಲ್ಲಾ ಇಳೀರಿ!" ಕ್ಲೈವ್ ಕೂಗಿದ. ಹೆಂಗಸರು ಇಳಿದರು, ಚೆಂಡುಗಳು ಇಳಿದವು. ಡೆಸ್ ಹದಿನೈದು ಮೂಟೆಯನ್ನೂ ಒಬ್ಬನೇ ಇಳಿಸಿದ. ಒಂಟೆಯ ಮೂರು ಕಾಲು ಪೂರಿಯ ಹಾಗೆ ಉಬ್ಬಿ ಮೇಲೆದ್ದು ಸರಿಯಾಗಿ ನಾಲ್ಕು ಇಂಚಿಗೆ ನಿಂತವು. ನಾಲ್ಕನೆಯದು ಏಳಲಿಲ್ಲ. ಲಿನ್ ಟ್ರಾನ್ ಬೇಸರದಿಂದಲೇ ಹಳದಿ ಚೀಟಿ ತೆಗೆದು ಗಾಜಿಗೆ ಅಂಟಿಸಿದಳು. ಶನಿವಾರದ ಮರಳಿನ ದಿಬ್ಬ ಅಲ್ಲೇ ಕುಸಿಯಿತು.

ಹೋಗಲಿ ಬಿಡು, ಎಂದುಕೊಂಡ ಕ್ಲೈವ್. ಕಮಾನು ಹೋದರೇನು, ಚಾಡಿ ಹೇಳಿದವರು ಯಾರೂ ಇರಲಿಲ್ಲವಲ್ಲ. ಹೆಂಡತಿ ಬಂಗಾರ, ನೆರೆಯವನು ಬಂಗಾರ. ಬೆವರಿ ಸಿಮೆಂಟು ಬಳಿದುಕೊಂಡು ನಿಂತಿದ್ದ ಡೆಸ್‌ನನ್ನು ನೋಡಿ ತಬ್ಬಿಕೊಳ್ಳಲು ಕೈ ಚಾಚಿದ. ಅದೇ ಗಳಿಗೆಗೆ ಫೋನು ಮಾಡಿದ್ದು ನೆನಪಾಯಿತು.

"ನೀವೆಲ್ಲಾ ವಾಟಲ್ ಬೀದಿಯವರಾ?" ಲಿನ್ ಟ್ರಾನ್ ಕಡತದಿಂದ ಇನ್ನೊಂದು ಹಾಳೆ ತೆಗೆದಿದ್ದಳು. "ಒಳ್ಳೇದಾಯ್ತು, ಸಾಯಂಕಾಲ ಅಲ್ಲಿಗೇ ಬರ್ತಿದ್ದೆ. ಹನ್ನೊಂದನೇ ನಂಬರಿನವರು ಯಾರು?"

"ನಾನೇ," ಎಂದ ಡೆಸ್.

"ನಿಮ್ಮ ಟ್ರೇಲರ್ ಮೇಲೆ ದೂರು ಬಂದಿದೆ. ಫೋನ್ ಮಾಡಿದವರು ಹೆಸರು ಹೇಳಿಲ್ಲ."

"ಇನ್ನೊಬ್ಬ ಚಾಡಿಕೋರ!" ಎಂದು ಥೆಲ್ಮಾ ಟೋಪಿ ತೆಗೆದು ತೊಡೆಗೆ ಬಡಿದರು. "ಯಾರಮ್ಮಾ ಅದು? ಏನಾದ್ರೂ ಗುರುತು?"

"ನೆಗಡಿಯಾದ ಗಂಡಸಿನ ದನಿ ಅಂತ ಬರೆದಿದಾರೆ. ಮತ್ತೆ, ಇದು ವಿಚಿತ್ರ..." ಹುಡುಗಿ ಹಾಳೆಯನ್ನು ಹತ್ತಿರ ಹಿಡಿದು ಓದಿದಳು. "ಮಾತಾಡೋವಷ್ಟು ಹೊತ್ತೂ ಹಿಂದಿನಿಂದ ಯಾರೋ 'ಯಾರದು, ಯಾರದು' ಅಂತ ಕಿರುಚ್ತಿದ್ರಂತೆ. ಮುದುಕೀನ ಕೂಡಿ ಹಾಕಿದಾರೇನೋ ಅಂತ ನಮ್ಮವರಿಗೆ ಅನುಮಾನ."

ಮೂರು ಬಿಳಿ ಟೋಪಿಗಳು ನಿಧಾನವಾಗಿ ಕ್ಲೈವನ ಕಡೆ ತಿರುಗಿದವು. ಡೆಸ್ ತಿರುಗಲಿಲ್ಲ. ಅಂಗಿಯ ಒಂದೊಂದು ತೋಳಿನ ಸಿಮೆಂಟನ್ನೂ ಕೊಡವಿಕೊಂಡ. ಕೇಕಿನ ಮೇಲಿನ ಬತ್ತಿಯನ್ನು ಗ್ವೆನ್ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಅವಳ ಪುಟ್ಟ ಕಾರಿನಲ್ಲಿ ಐದೇ ಸೀಟು. ಅವಳು, ಡೆಸ್, ಮೂವರು ಹೆಂಗಸರು. ಕೇಕು ಥೆಲ್ಮಾ ತೊಡೆಯ ಮೇಲೆ. ಕಾರು ಹೊರಟಾಗ ಹಿಂದಿನ ಗಾಜಿನಲ್ಲಿ ಥೆಲ್ಮಾ ಒಂಟೆಯ ತಲೆಯನ್ನು ಮುರಿದು ಡೆಸ್‌ಗೆ ಕೊಡುತ್ತಿದ್ದದ್ದು ಕ್ಲೈವನಿಗೆ ಸ್ಪಷ್ಟವಾಗಿ ಕಂಡಿತು.

ಆರು ಕಿಲೋಮೀಟರ್ ನಡೆದು ಅವನು ವಾಟಲ್ ಬೀದಿ ಸೇರುವಾಗ ಸಂಜೆಯಾಗಿತ್ತು. ಅವನು ನಡೆದಂತೆಲ್ಲ ಒಂದೊಂದು ಮನೆಯ ಪರದೆ ಸರಿದು, ಮತ್ತೆ ಮುಚ್ಚಿಕೊಂಡಿತು. ಅವನ ಜಗಲಿಯಲ್ಲಿ ಒಂದು ಬುಟ್ಟಿ ಟೊಮ್ಯಾಟೊ ಇತ್ತು. ಮಾತು ಕೊಟ್ಟಂತೆ ಡೆಸ್ ತಂದಿಟ್ಟಿದ್ದ. ಎಲ್ಲವೂ ಹಸಿರು ಕಾಯಿ.

ಗೇಟು ಕಿರ್ ಎಂದಿತು. ಸಾರ್ಜಂಟ್ ಜುಟ್ಟು ನಿಮಿರಿಸಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿತು.

"ಯಾರದು? ಯಾರದು?"

"ನಾನೇ ಕಣೋ," ಎಂದ ಕ್ಲೈವ್.