ಕದ್ದ ಕಡ್ಡಿ, ಕೇಳಿದ ಕಡ್ಡಿ

ಮೊದಲೇ ತಪ್ಪಾಯಿತೆಂದು ಕೇಳಿಕೊಳ್ಳುತ್ತೇನೆ. ಒಬ್ಬ ಮರ್ಯಾದಸ್ಥರು ಹಾಡಹಗಲೇ ಪಕ್ಕದ ಮನೆಯ ಗೋಡೆಯ ಮೇಲೆ ಸಿಕ್ಕಿಬಿದ್ದದ್ದನ್ನು ನಾಲ್ಕು ಜನರಿಗೆ ಹೇಳುವ ಅಧಿಕಾರ ನನಗಿಲ್ಲ. ಗಿಡಗಳ ತಿಳಿವಳಿಕೆಯಂತೂ ಇಲ್ಲವೇ ಇಲ್ಲ. ಆದರೆ ಈ ಕತೆ ಓಣಿಯಲ್ಲಿ ದಿನಕ್ಕೊಂದು ಬಾಲ ಬೆಳೆಸಿಕೊಳ್ಳುತ್ತಿದೆ. ಬಾಲವಿಲ್ಲದ್ದನ್ನು ಒಮ್ಮೆ ಹೇಳಿಬಿಡುವುದು ವಾಸಿ ಅನ್ನಿಸಿತು.

ಗಜೇಂದ್ರಗಡದ ಸೀರೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಸೀರೆ ಮಡಚಿ ಮನೆಗೆ ಬಂದ ಗುರುಸಂಗಪ್ಪನವರಿಗೆ ಉಳಿದದ್ದು ಒಂದೇ ಆಸೆ. ಮಾಳಿಗೆಯ ಮೇಲಿನ ಹದಿಮೂರು ಹೂಕುಂಡಗಳಲ್ಲಿ ಒಂದರಲ್ಲಾದರೂ ಒಂದು ಹೂವು ಅರಳಬೇಕು. ಮುಂಗಾರಿನಲ್ಲಿ ನೆಟ್ಟ ಸೇವಂತಿಗೆ ದಸರೆ ಕಾಣಲಿಲ್ಲ. ಚಳಿಗಾಲದ ಗುಲಾಬಿ ಸಂಕ್ರಾಂತಿಗೆ ಕಣ್ಣು ಮುಚ್ಚಿತು. ಯುಗಾದಿಗೆ ತಂದ ಮಲ್ಲಿಗೆ ಬಸವ ಜಯಂತಿಯ ಹೊತ್ತಿಗೆ ಹಲ್ಲುಕಡ್ಡಿಯಾಗಿತ್ತು. ಹಾಗಂತ ಅವರು ಆರೈಕೆಯಲ್ಲಿ ಕಡಿಮೆ ಮಾಡಿದವರಲ್ಲ. ವಾರಕ್ಕೊಮ್ಮೆ ಬರುವ ನಳದ ನೀರಿನಲ್ಲಿ ಮೊದಲ ಕೊಡ ಗಿಡಗಳಿಗೇ. ಬೆಳಿಗ್ಗೆ ಮುಖ ತೊಳೆಯುವ ಮೊದಲು ಒಂದೊಂದು ಗಿಡದ ಯೋಗಕ್ಷೇಮ ವಿಚಾರಿಸಿಯೇ ಕೆಳಗಿಳಿಯುತ್ತಿದ್ದರು.

ಆ ಆಷಾಢದಲ್ಲಿ ಹೆಂಡತಿ ಗೌರವ್ವ ಕಡೆಯ ಮಾತು ಹೇಳಿದಳು.

"ನಾಗರ ಪಂಚಮಿಯೊಳಗ ಒಂದರ ಚಿಗರಬೇಕು ನೋಡ್ರಿ. ಇಲ್ಲಾಂದ್ರ ಹದಿಮೂರೂ ಕುಂಡ ಖಾಜಾಬಿಗೆ ಕೊಡಾಕಿ ನಾನು. ಆಕಿ ಕೋಳಿ ಅದರಾಗ ತತ್ತಿಯರ ಇಡತಾವು!"

ಎದುರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಹೊಳೆವ್ವ ಮುದುಕಿಗೆ ಕಣ್ಣು ಮಂಜಾದರೂ ಕಿವಿ ಚುರುಕು. ಸಂಜೆ ಗುರುಸಂಗಪ್ಪನವರನ್ನು ಹತ್ತಿರ ಕರೆದಳು.

"ಕಡ್ಡಿ ಎಲ್ಲಿಂದ ತರತೀಯೋ ತಮ್ಮಾ?"

"ಯಾರನ್ನರ ಕೇಳಿ ತರತೀನಿಬೇ. ಇಲ್ಲಾ ರೋಣಕ್ಕ ಹೋಗಿ ಕೊಂಡು ತರತೀನಿ."

"ಅಲ್ಲೇ ಕೆಟ್ಟಿ ನೋಡು! ಕೇಳಿ ತಂದ ಕಡ್ಡಿ ಕೊಳೀತೈತಿ, ಕದ್ದು ತಂದ ಕಡ್ಡಿ ಕುಡಿ ಒಡೀತೈತಿ. ನಮ್ಮವ್ವ, ನಮ್ಮತ್ತಿ, ಎಲ್ಲಾರೂ ಕದ್ದಾ ಬೆಳಸ್ಯಾರ. ಈ ಓಣ್ಯಾಗ ಕೇಳಿ ತಂದ ಗಿಡ ಒಂದರ ತೋರಸು."

ಗುರುಸಂಗಪ್ಪನವರು ಎರಡೂ ಕಿವಿ ಮುಚ್ಚಿಕೊಂಡರು. ಬಸ್ಸಿನಲ್ಲಿ ಸಿಕ್ಕ ಹರಕು ಛತ್ರಿಯ ಒಡೆಯನನ್ನು ಹುಡುಕಿಕೊಂಡು ಶಿರೋಳದವರೆಗೆ ಹೋಗಿ, "ಅದನ್ನ ಎಲ್ಲೆರ ಬಿಟ್ಟು ಬರಾಕಂತನ ಬಸ್ ಹತ್ತಿದ್ನಲ್ಲೋ ಮಾರಾಯಾ" ಎಂದು ಬೈಸಿಕೊಂಡು ಬಂದ ಮನುಷ್ಯ ಅವರು. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಗಟ್ಟಿ ಮನಸ್ಸು ಮಾಡಿದರು.

ಪಕ್ಕದ ಮನೆಯ ನಿರ್ಮಲಾಳ ಅಂಗಳದಲ್ಲಿ ಒಂದು ದಾಸವಾಳವಿತ್ತು. ಸುತ್ತು ಸುತ್ತಾಗಿ ತಿಳಿ ಹಳದಿ ದಳ, ನಡುವೆ ಕುಂಕುಮ ಇಟ್ಟ ಹಾಗೆ ಕೆಂಪು. ಅವಳು ನರೇಗಲ್ಲಿನ ಸಂತೆಗೆಂದು ಚೀಲ ಹಿಡಿದು ಹೊರಟದ್ದನ್ನು ಕಣ್ಣಾರೆ ನೋಡಿ, ಓಣಿಯೆಲ್ಲ ಉಂಡು ಮಲಗಿದ ಮಧ್ಯಾಹ್ನ, ಗುರುಸಂಗಪ್ಪನವರು ಎಲೆ ಅಡಿಕೆಯ ತಟ್ಟೆಯಿಂದ ಅಡಕತ್ತರಿ ಎತ್ತಿಕೊಂಡರು. ಕಳ್ಳತನಕ್ಕೆ ಯಾವ ಆಯುಧ ತಕ್ಕದ್ದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಖಾಲಿ ಡ್ರಮ್ಮು ಬೋರಲು ಹಾಕಿ ಹತ್ತಿ, ಗೋಡೆಗೆ ಹೊಟ್ಟೆ ಆನಿಸಿ, ಆಚೆ ಬಗ್ಗಿ ಒಂದು ಗೇಣುದ್ದದ ಕಡ್ಡಿ ಕತ್ತರಿಸಿದರು. ಕಟಕ್ ಎಂದದ್ದೇ ತಡ, ಡ್ರಮ್ಮು ಅಡ್ಡಬಿದ್ದು, ಶಾಲೆ ಬಿಟ್ಟ ಹುಡುಗನಂತೆ ಗಡಗಡನೆ ಬೀದಿಗೆ ಓಡಿತು. ಗುರುಸಂಗಪ್ಪನವರು ಅರ್ಧ ಈಚೆ, ಅರ್ಧ ಆಚೆ ಉಳಿದರು.

ಸದ್ದಿಗೆ ಹೊಳೆವ್ವ ಎಚ್ಚೆತ್ತಳು.

"ಖಾಜಾಬಿ! ನಿರ್ಮಲಾ ಗ್ವಾಡಿ ಮ್ಯಾಲೆ ಕೌದಿ ಒಣಗಾಕಿ ಹೋಗ್ಯಾಳ ನೋಡಬೇ. ಮಳಿ ಬರೂ ಹಂಗೈತಿ, ತಗದು ಒಳಗಿಡು."

ಮೂರನೆಯ ಮನೆಯ ಖಾಜಾಬಿ ನಿದ್ದೆಗಣ್ಣಲ್ಲೇ ನಿರ್ಮಲಾಳ ಅಂಗಳಕ್ಕೆ ಬಂದು ಕೌದಿಯ ಅಂಚಿಗೆ ಕೈ ಹಾಕಿದಳು.

"ಯಾ ಅಲ್ಲಾ! ಕೌದಿ ಕೆಮ್ಮಾಕತ್ತೈತಿ!"

ಆ ಕೂಗಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು.

"ಅಣ್ಣಾರ, ಅಲ್ಲೇನ ಮಾಡಾಕತ್ತೀರಿ?" ಎಂದಳು ಖಾಜಾಬಿ.

"ಬೆಕ್ಕಿನ ಮರಿ ಸಿಕ್ಕೊಂಡಿತ್ತವಾ..."

"ಅಡಕತ್ತರಿ ಯಾಕ ಹಿಡಕೊಂಡೀರಿ? ಬೆಕ್ಕಿಗೆ ಎಲಿ ಅಡಿಕಿ ಕೊಡಾಕೇನ್ರಿ?"

ಗೌರವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಗಂಡನ ಎರಡು ಕಾಲು ಮಾತ್ರ ಕಂಡವು. ಅಷ್ಟಕ್ಕೇ ಗುರುತು ಹಿಡಿದಳು. "ಮೂವತ್ತು ವರ್ಸ ಸೀರಿ ಅಂಗಡ್ಯಾಗ ಇದ್ರೂ ಒಂದು ದಾರದ ಎಳಿ ಮನಿಗೆ ತಂದಾವರಲ್ಲ. ಈಗ ಇದೇನ್ರಿ ನಿಮ್ಮ ಅವತಾರ?" ಎಂದಳು. ಗೋಡೆಯ ಆಚೆಗಿದ್ದ ಮುಖಕ್ಕೆ ನಾಚಿಕೆಯಿಂದ ಆ ದಾಸವಾಳದ ನಡುವಿನ ಬಣ್ಣವೇ ಬಂತು.

ಅಷ್ಟರಲ್ಲಿ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲವೆಂದು ನಿರ್ಮಲಾ ತಿರುಗಿ ಬಂದಳು. ಬಂದವಳೇ ನಿಚ್ಚಣಿಕೆ ತಂದು ಅವರನ್ನು ಇಳಿಸಿದಳು. ಕತ್ತರಿಸಿದ ಕಡ್ಡಿ ಅವರ ಹೊಟ್ಟೆಯ ಕೆಳಗೆ ಚಟ್ನಿಯಾಗಿತ್ತು.

"ಒಂದು ಕಡ್ಡಿ ಸಲುವಾಗಿ ಇಷ್ಟೆಲ್ಲಾ ಏನ್ರಿ ಕಾಕಾ? ತಡೀರಿ, ಚಲೋದು ನಾನಾ ಕೊಡತೀನಿ."

"ಬ್ಯಾಡ ತಂಗೀ, ಕೊಡಬ್ಯಾಡ!" ಗುರುಸಂಗಪ್ಪನವರು ಕೈ ಮುಗಿದರು. "ನೀ ಕೊಟ್ರ ಅದು ಬದುಕೂದಿಲ್ಲ. ಬೈ ನನಗ. ಕಳ್ಳ ಅನ್ನು."

"ಖರೇ ಐತಿ," ಎಂದಳು ಹೊಳೆವ್ವ ಕಟ್ಟೆಯ ಮೇಲಿಂದಲೇ. "ಬೈದು ಕೊಡಬೇ."

"ಹಿರೇರಿಗೆ ಹ್ಯಾಂಗ ಬೈಲಿ ನಾನು?"

"ನಾ ಬೈಲೇನ್ರಿ?" ಖಾಜಾಬಿ ಮುಂದೆ ಬಂದಳು.

"ಗಿಡ ನಿಂದಲ್ಲ. ನೀ ಬೈದ್ರ ಬೇರು ಹತ್ತೂದಿಲ್ಲ," ಎಂದು ಹೊಳೆವ್ವ ತೀರ್ಪು ಕೊಟ್ಟಳು.

ನಿರ್ಮಲಾ ನಗು ತಡೆಯಲಾರದೆ ನೆಲಕ್ಕೆ ಕುಳಿತಳು. "ಕಾಕಾ, ಕದ್ದರ ಒಯ್ರಿ, ಕೇಳಿಯರ ಒಯ್ರಿ. ದಿನಾ ಮುಂಜಾನೆ ಕಡ್ಡಿ ಕಿತ್ತು, ಬೇರು ಬಂದಾವೇನಂತ ನೋಡಿ, ಹೊಳ್ಳಿ ಚುಚ್ಚತೀರಲ್ಲ? ನಮ್ಮ ಮಾಳಗಿ ಮ್ಯಾಲಿಂದ ಎಲ್ಲಾ ಕಾಣತೈತಿ. ಹಂಗ ಕಿತ್ತು ನೋಡಿದ್ರ ಆಲದ ಗಿಡಾನೂ ಸಾಯತೈತಿ!"

ಎಲ್ಲರೂ ಗುರುಸಂಗಪ್ಪನವರ ಕಡೆ ತಿರುಗಿದರು.

"ದಿನಕ್ಕ ಒಮ್ಮೆ ಅಷ್ಟ ನೋಡತಿದ್ನಿ," ಎಂದರು ಅವರು ಸಣ್ಣ ದನಿಯಲ್ಲಿ.

ಅಲ್ಲಿಂದ ಓಣಿ ಎರಡಾಯಿತು. ಕೊಟ್ಟ ಕಡ್ಡಿ ಕೊಳೆತೇ ಕೊಳೆಯುತ್ತದೆ ಎಂದು ಹೊಳೆವ್ವ, ಮುಟ್ಟದೆ ಬಿಟ್ಟರೆ ಚಿಗುರುತ್ತದೆ ಎಂದು ನಿರ್ಮಲಾ. ಗೌರವ್ವ ಗಂಡನ ಕೈಯಲ್ಲಿ ವಿಭೂತಿ ಹಿಡಿಸಿ, ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದಳು. ನಿರ್ಮಲಾ ತಾನೇ ಕತ್ತರಿಸಿ ಕೊಟ್ಟ ಹೊಸ ಕಡ್ಡಿ ಕುಂಡ ಸೇರಿತು. ಮರುದಿನದಿಂದ ಗುರುಸಂಗಪ್ಪನವರು ಅದರ ಎದುರು, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂಡತೊಡಗಿದರು. ಬೇರು ನೋಡುವ ಆಸೆಗೆ ಬೆರಳು ಜುಮ್ಮೆನ್ನುತ್ತಿದ್ದವು. ಆದರೂ ಮುಟ್ಟಲಿಲ್ಲ. ಹತ್ತನೆಯ ದಿನ ಕಡ್ಡಿಯ ಗಿಣ್ಣಿನಲ್ಲಿ ಜೋಳದ ಕಾಳಿನಷ್ಟು ಹಸಿರು ಕಂಡಿತು. ಅವರ ಕಣ್ಣಲ್ಲಿ ನೀರು ಬಂತು. ಓಣಿಯೆಲ್ಲ ಸರದಿಯ ಮೇಲೆ ಮಾಳಿಗೆ ಹತ್ತಿ ನೋಡಿ ಹೋಯಿತು.

ಪಂಚಮಿಗೆ ಒಂದು ದಿನವಿರುವಾಗ ಹಸಿರು ಕಪ್ಪಾಗಿ, ಕಡ್ಡಿ ವಾಲಿತು.

"ಇಭೂತಿ ಆಣಿ, ನಾ ಮುಟ್ಟಿಲ್ಲ," ಎಂದರು ಗುರುಸಂಗಪ್ಪನವರು, ಗೌರವ್ವ ಬಾಯಿ ತೆರೆಯುವ ಮೊದಲೇ.

ಖಾಜಾಬಿ ನೆಲ ನೋಡಿದಳು. "ನೀವು ಕಿರಾಣಿ ಅಂಗಡಿಗೆ ಹೋದಾಗ ನಾ ಒಂದಾ ಸಲ ಕಿತ್ತು ನೋಡೇನ್ರಿ ಅಣ್ಣಾರ. ಬೇರು ಬಂದಾವೇನಂತ."

"ನನಗ ಕಣ್ಣು ಕಾಣೂದಿಲ್ಲ. ಕೈಲೇ ತಡವಿ ನೋಡೀನಿ. ಎರಡು ಸಲ," ಎಂದಳು ಹೊಳೆವ್ವ.

"ನನ್ನ ಮಾತು ಸುಳ್ಳಾಗಬಾರದಂತ, ನಾನೂ..." ಎಂದಳು ನಿರ್ಮಲಾ.

ಗೌರವ್ವ ಆಗಲೇ ಮಣ್ಣು ಮೆತ್ತಿದ್ದ ಬೆರಳುಗಳನ್ನು ಯಾರೂ ನೋಡುವ ಮೊದಲೇ ಸೆರಗಿಗೆ ಒರೆಸಿಕೊಂಡು, ಕುಂಡಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು.

ಆ ಕಡ್ಡಿಗೆ ಬೇರು ಬಂದಿತ್ತೇ ಎಂದು ನಾನು ಮಣ್ಣಿಗೆ ಕೈ ಹಾಕಿದ ನಾಲ್ವರನ್ನೂ ಕೇಳಿದೆ. ಇಬ್ಬರು ಬಂದಿತ್ತು ಅಂದರು, ಒಬ್ಬರು ಇಲ್ಲವೆಂದರು, ಒಬ್ಬರು ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಹೋದರು. ಕೇಳಿ ತಂದ ಕಡ್ಡಿ ಚಿಗುರುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.